ಎಡಗೈಯ ಸಹಿ

ವಾರ್ಷಿಕ ಪರೀಕ್ಷೆಗೆ ಮುಂಚಿನ ವಾರಗಳಲ್ಲಿ, ಪಾಠಗಳೆಲ್ಲ ಮುಗಿದು ಪುನರಾವರ್ತನೆಯ ಬೇಸರವು ತರಗತಿಯನ್ನು ಆವರಿಸಿರುವಾಗ, ಸಂಜೆಯ ಕೊನೆಯ ಪೀರಿಯಡಿನಲ್ಲಿ ಮಕ್ಕಳಿಗೆ ಒಂದು ದೀರ್ಘವಾದ ಕಥೆಯನ್ನು ಕಂತು ಕಂತಾಗಿ ಹೇಳುವ ವಾಡಿಕೆಯನ್ನು ನಾವು ಕೆಲವು ವರ್ಷಗಳಿಂದ ಇಟ್ಟುಕೊಂಡು ಬಂದಿದ್ದೇವೆ. ಈ ಸಲ ಆರಿಸಿಕೊಂಡುದು ಒಂದು ಇಂಗ್ಲಿಷ್ ಕಾದಂಬರಿಯನ್ನು. ಮಂಗಳೂರಿನ ಹಳೆಯ ಪುಸ್ತಕದಂಗಡಿಯೊಂದರಲ್ಲಿ ದೊರೆತ ಪ್ರತಿ. ಮುಖಪುಟದ ಒಂದು ಮೂಲೆಯನ್ನು ಗೆದ್ದಲು ತಿಂದಿತ್ತು. ರಾತ್ರಿ ನಿಘಂಟನ್ನು ಪಕ್ಕದಲ್ಲಿರಿಸಿಕೊಂಡು ಓದುವುದು, ಮರುದಿನ ಅದನ್ನೇ ಕನ್ನಡದಲ್ಲಿ ಬಾಯಿಮಾತಾಗಿ ಹೇಳುವುದು, ಹೀಗೆ ಕ್ರಮ. ಕಥೆ ಮುಗಿಯುವ ಹೊತ್ತಿಗೆ ಐದನೆಯ ತರಗತಿಯ ಹುಡುಗನೊಬ್ಬನು ಕೇಳಿದ ಒಂದು ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆ ಪ್ರಶ್ನೆಯನ್ನು ಉಪಾಧ್ಯಾಯ ಬಂಧುಗಳ ಮುಂದೆಯೂ ವಿದ್ಯಾರ್ಥಿ ವಾಚಕರ ಮುಂದೆಯೂ ಇರಿಸುವುದಕ್ಕಾಗಿಯೇ ಈ ಬರಹ.

ಮೊದಲು ಪುಸ್ತಕದ ಪರಿಚಯ. 'ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್', ಅಂದರೆ ದುರದೃಷ್ಟದ ಘಟನೆಗಳ ಮಾಲೆ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹದಿಮೂರು ಕಾದಂಬರಿಗಳಲ್ಲಿ ಇದು ಮೊದಲನೆಯದು: 'ದಿ ಬ್ಯಾಡ್ ಬಿಗಿನಿಂಗ್'. ಅಚ್ಚಾದುದು 1999ರಲ್ಲಿ. ಲೇಖಕನ ಹೆಸರು ಲೆಮನಿ ಸ್ನಿಕೆಟ್ ಎಂದು ಪುಸ್ತಕದ ಮೇಲಿದ್ದರೂ ಅದು ಕಾವ್ಯನಾಮ; ನಿಜವಾಗಿ ಬರೆದವರು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ 1970ರಲ್ಲಿ ಜನಿಸಿದ ಡೇನಿಯಲ್ ಹ್ಯಾಂಡ್ಲರ್. ಪಾಶ್ಚಾತ್ಯರಿಗೆ ಹದಿಮೂರು ಎಂಬ ಸಂಖ್ಯೆ ಅಶುಭವಷ್ಟೆ. ಆದುದರಿಂದಲೇ ಈ ಮಹಾಶಯರು ಹದಿಮೂರು ಪುಸ್ತಕಗಳನ್ನು ಬರೆದು, ಪ್ರತಿಯೊಂದಕ್ಕೂ ಹದಿಮೂರು ಅಧ್ಯಾಯಗಳನ್ನಿರಿಸಿ, ಕಡೆಯ ಸಂಪುಟವನ್ನು 2006ನೆಯ ಇಸವಿ ಅಕ್ಟೋಬರ್ 13ರ ಶುಕ್ರವಾರದಂದೇ ಬಿಡುಗಡೆ ಮಾಡಿಸಿದರು. ಅಮಾವಾಸ್ಯೆಯ ದಿನ ರಾಹುಕಾಲವನ್ನು ನೋಡಿ ಗೃಹಪ್ರವೇಶವನ್ನಿಟ್ಟುಕೊಂಡಂತೆ! ಈ ಒಂದು ಸಂಗತಿಯಿಂದಲೇ ಗ್ರಂಥಕರ್ತರ ಹಾಸ್ಯದ ಜಾಡು ಎಂತಹದೆಂಬುದನ್ನು ವಾಚಕರು ಊಹಿಸಬಹುದು.

ಸುಖವನ್ನು ಬಯಸುವವರು ಈ ಪುಸ್ತಕವನ್ನು ಕೆಳಗಿಟ್ಟು ಬೇರೆಯದನ್ನು ಓದುವುದು ಲೇಸೆಂಬ ಎಚ್ಚರಿಕೆಯಿಂದಲೇ ಕಥೆ ತೊಡಗುತ್ತದೆ. ನಾವೂ ಪ್ರಾಮಾಣಿಕವಾಗಿ ಅದನ್ನು ತರಗತಿಗೆ ತಿಳಿಸಿ, 'ಬೇಡವಾದರೆ ಬೇರೆ ಕಥೆ ಹೇಳೋಣ' ಎಂದೆವು. ಮಕ್ಕಳು ಮುಂದಿನ ಬೆಂಚುಗಳಿಗೆ ನುಗ್ಗಿ ಕುಳಿತರು.

ಕಥೆ ಇಷ್ಟು. ಬಾಡೆಲೇರ್ ಮನೆತನದ ಮೂವರು ಮಕ್ಕಳು. ಹಿರಿಯವಳು ವಯೊಲೆಟ್, ಹದಿನಾಲ್ಕು ವರ್ಷದವಳು, ಯಂತ್ರಗಳನ್ನು ಕಲ್ಪಿಸಿ ಕಟ್ಟುವುದರಲ್ಲಿ ನಿಪುಣೆ; ಯೋಚಿಸತೊಡಗಿದಳೆಂದರೆ ಕೂದಲು ಕಣ್ಣಿಗೆ ಬೀಳದಂತೆ ರಿಬ್ಬನ್ ಕಟ್ಟಿಕೊಳ್ಳುತ್ತಾಳೆ. ನಡುವಿನವನು ಹನ್ನೆರಡು ವರ್ಷದ ಕ್ಲಾಸ್, ಕನ್ನಡಕದ ಹುಡುಗ, ಓದಿದ್ದನ್ನು ಮರೆಯದವನು. ಕಿರಿಯವಳು ಸನ್ನಿ, ಇನ್ನೂ ಎಳೆಗೂಸು. ಆದರೆ ನಾಲ್ಕು ಹಲ್ಲುಗಳು ಬಹಳ ಗಟ್ಟಿ, ಸಿಕ್ಕಿದ್ದನ್ನೆಲ್ಲ ಕಚ್ಚುತ್ತಾಳೆ. ಕಡಲ ದಂಡೆಯಲ್ಲಿ ಆಡುತ್ತಿರುವಾಗ ಬ್ಯಾಂಕಿನ ಅಧಿಕಾರಿಯಾದ ಪೋ ಎಂಬವರು ಕೆಮ್ಮುತ್ತ ಬಂದು, ಮನೆಗೆ ಬೆಂಕಿ ಬಿದ್ದು ತಂದೆತಾಯಂದಿರಿಬ್ಬರೂ ಸತ್ತರೆಂಬ ಸುದ್ದಿಯನ್ನು ಹೇಳುತ್ತಾರೆ. ಮಕ್ಕಳನ್ನು ನೆಂಟರೊಬ್ಬರು ಸಾಕಬೇಕೆಂದು ಉಯಿಲಿನಲ್ಲಿದೆ. ಪೋ ಅವರು ಕೌಂಟ್ ಓಲಾಫ್ ಎಂಬ ನಾಟಕದವನನ್ನು ಹುಡುಕಿ ತೆಗೆಯುತ್ತಾರೆ. ಅವನು ಹತ್ತಿರದ ನೆಂಟನಂತೆ. ವಂಶವೃಕ್ಷದಲ್ಲಿ ಹತ್ತಿರವೋ ಎಂದರೆ ಅಲ್ಲ, ಅಲ್ಲಿ ಮೂರು ನಾಲ್ಕು ಕವಲುಗಳಾಚೆಗಿನವನು; ಅದೇ ಊರಿನಲ್ಲಿ ಅವನ ಮನೆಯಿದೆ, ಆದುದರಿಂದ ಹತ್ತಿರ! ಈ ವಿನೋದವನ್ನು ಕನ್ನಡದಲ್ಲಿ ಹೇಳುವುದಕ್ಕೆ ನಮಗೆ ಸ್ವಲ್ಪವೂ ಕಷ್ಟವಾಗಲಿಲ್ಲ. 'ಹತ್ತಿರದ ನೆಂಟ' ಎಂಬ ಮಾತಿನ ಎರಡು ಅರ್ಥಗಳೂ ನಮ್ಮ ಮಕ್ಕಳಿಗೆ ಗೊತ್ತಿರುವುವೇ.

ಓಲಾಫನಿಗೆ ಬೇಕಾದುದು ಮಕ್ಕಳಲ್ಲ, ಅವರ ಆಸ್ತಿ. ಅದಾದರೋ ವಯೊಲೆಟ್ ಪ್ರಾಯಕ್ಕೆ ಬರುವ ತನಕ ಯಾರ ಕೈಗೂ ಸಿಗುವಂತಿಲ್ಲ. ಮೂವರಿಗೆ ಒಂದೇ ಮಂಚ, ಆಡಲು ಒಂದಿಷ್ಟು ಕಲ್ಲಿನ ರಾಶಿ, ದಿನವಿಡೀ ಕಟ್ಟಿಗೆ ಒಡೆಯುವುದೇ ಮೊದಲಾದ ಚಾಕರಿ. ಒಂದು ದಿನ ಕ್ಲಾಸನ ಕೆನ್ನೆಗೆ ಬಲವಾದ ಏಟು ಬೀಳುತ್ತದೆ. ಮಕ್ಕಳು ಊರನ್ನೆಲ್ಲ ನಡೆದು ಬ್ಯಾಂಕನ್ನು ಹುಡುಕಿ, ಪೋ ಅವರ ಮೇಜಿನ ಮುಂದೆ ನಿಂತು ನಡೆದುದನ್ನೆಲ್ಲ ನಡೆದಂತೆಯೇ ಹೇಳುತ್ತಾರೆ. ಪೋ ಅವರು ಒಂದು ಲ್ಯಾಟಿನ್ ನುಡಿಗಟ್ಟನ್ನು ಉಚ್ಚರಿಸಿ ಅವರನ್ನು ಹಿಂದಕ್ಕೆ ಕಳುಹಿಸುತ್ತಾರೆ. 'ಇನ್ ಲೋಕೋ ಪೇರೆಂಟಿಸ್' ಎಂಬುದೇ ಆ ನುಡಿ. ತಂದೆತಾಯಂದಿರ ಸ್ಥಾನದಲ್ಲಿರುವವನು ಎಂದರ್ಥ. ಅಂಥವನು ತನಗೆ ಸರಿತೋರಿದಂತೆ ಮಕ್ಕಳನ್ನು ಸಾಕಬಹುದು, ಬ್ಯಾಂಕು ನಡುವೆ ಬರಲಾಗದು ಎಂಬುದು ಅವರ ನ್ಯಾಯ.

ಆ ಮೇಲೆ ಓಲಾಫನು ಒಂದು ನಾಟಕವನ್ನು ಹೂಡುತ್ತಾನೆ. ಅದರಲ್ಲಿ ಮದುವೆಯ ದೃಶ್ಯ. ವರ ತಾನು, ವಧು ವಯೊಲೆಟ್. ಮದುವೆ ಮಾಡಿಸುವವರ ಪಾತ್ರಕ್ಕೆ ಪಕ್ಕದ ಮನೆಯ ನ್ಯಾಯಾಧೀಶೆ ಸ್ಟ್ರಾಸ್ ಅವರನ್ನೇ ಕರೆದಿರುತ್ತಾನೆ. ಅವರು ನಿಜವಾದ ನ್ಯಾಯಾಧೀಶರು, ಕಾಗದಪತ್ರ ನಿಜವಾದುದು. ಹುಡುಗಿ ಒಪ್ಪಿದೆನೆಂದು ಹೇಳಿ ಸ್ವಹಸ್ತದಿಂದ ಸಹಿ ಹಾಕಿದಳೆಂದರೆ ಮದುವೆಯೂ ನಿಜವೇ. ಪ್ರಾಯಕ್ಕೆ ಬಾರದ ಹುಡುಗಿಗೆ ಪೋಷಕನ ಒಪ್ಪಿಗೆ ಬೇಕು, ಪೋಷಕನೂ ಅವನೇ! ಕ್ಲಾಸ್ ರಾತ್ರಿಯೆಲ್ಲ ಕಾನೂನು ಗ್ರಂಥವನ್ನೋದಿ ಇದನ್ನು ಕಂಡುಹಿಡಿಯುತ್ತಾನೆ. ಅಷ್ಟರಲ್ಲಿ ಎಳೆಯ ಸನ್ನಿಯನ್ನು ಪಂಜರದಲ್ಲಿರಿಸಿ ಗೋಪುರದ ಕಿಟಕಿಯಿಂದ ತೂಗಿಬಿಟ್ಟಿರುತ್ತಾರೆ. ಒಪ್ಪದಿದ್ದರೆ ಹಗ್ಗ ಬಿಡುತ್ತೇನೆ ಎನ್ನುತ್ತಾನೆ ಓಲಾಫ್. ವಯೊಲೆಟ್ ರಾತ್ರಿ ಕೊಕ್ಕೆಯೊಂದನ್ನು ರಚಿಸಿ, ಬಟ್ಟೆಗಳನ್ನು ಹೊಸೆದ ಹಗ್ಗದಿಂದ ಗೋಪುರವನ್ನೇರಿ, ಮೇಲೆ ಸಿಕ್ಕಿಬೀಳುತ್ತಾಳೆ. ಕಡೆಗೆ ರಂಗದ ಮೇಲೆ ಮದುವೆಯ ಪತ್ರ ಮುಂದೆ ಬಂದಾಗ ಬಲಗೈಯವಳಾದ ಆಕೆ ಎಡಗೈಯಿಂದ ಸಹಿ ಹಾಕುತ್ತಾಳೆ. ಸನ್ನಿ ಸುರಕ್ಷಿತಳಾದ ಬಳಿಕ, ಇದು ನನ್ನ ಸ್ವಹಸ್ತವಲ್ಲ, ಮದುವೆ ಊರ್ಜಿತವಲ್ಲ ಎಂದು ವಾದಿಸುತ್ತಾಳೆ. ನ್ಯಾಯಾಧೀಶೆಯೂ ಒಪ್ಪುತ್ತಾರೆ. ದೀಪವಾರಿದ ಕತ್ತಲೆಯಲ್ಲಿ ಓಲಾಫ್ ತಪ್ಪಿಸಿಕೊಳ್ಳುತ್ತಾನೆ. ಸ್ಟ್ರಾಸ್ ಅವರು ಮಕ್ಕಳನ್ನು ತಾವೇ ಸಾಕುವೆನೆಂದಾಗ ಪೋ ಅವರು ಕೆಮ್ಮಿ, ಉಯಿಲಿನಲ್ಲಿ ನೆಂಟರೆಂದೇ ಇದೆ ಎಂದು ಹೇಳಿ ಮೂವರನ್ನೂ ಕಾರಿನಲ್ಲಿ ಕುಳ್ಳಿರಿಸಿಕೊಂಡು ಹೋಗುತ್ತಾರೆ.

ಇಲ್ಲಿ ನಮ್ಮ ಸಹೋದ್ಯೋಗಿ ಉಪಾಧ್ಯಾಯಿನಿಯೊಬ್ಬರು ಎತ್ತಿದ ಆಕ್ಷೇಪವನ್ನು ಹೇಳಬೇಕು. 'ತಂದೆತಾಯಿ ಸತ್ತ ಮಕ್ಕಳ ಕಥೆಯಲ್ಲಿ ನಗು ಬರಿಸುವುದೇ? ತರಗತಿಯಲ್ಲಿ ಅಂಥ ಮಕ್ಕಳೂ ಇದ್ದಾರಲ್ಲ!' ಎಂದರು ಅವರು. ಮಾತು ತೂಕದ್ದು. ನಾವು ಪುಸ್ತಕವನ್ನು ಇನ್ನೊಮ್ಮೆ ತಿರುವಿ, ನಗು ಯಾರ ಮೇಲೆ ಬೀಳುತ್ತದೆಂಬುದನ್ನು ಗಮನಿಸಿದೆವು. ಪೋ ಅವರ ಕೆಮ್ಮಿನ ಮೇಲೆ, ಓಲಾಫನ ಜಂಬದ ಮೇಲೆ, ರಂಗವೇರುವ ಸಂಭ್ರಮದಲ್ಲಿ ಎದುರಿಗಿರುವುದನ್ನು ಕಾಣದ ನ್ಯಾಯಾಧೀಶೆಯ ಮೇಲೆ. ಎಲ್ಲಕ್ಕಿಂತ ಹೆಚ್ಚಾಗಿ, ಕಥೆ ಹೇಳುವವನು ಭಯಂಕರವಾದ ಘಟ್ಟದಲ್ಲಿ ತಟ್ಟನೆ ನಿಂತು ಯಾವುದೋ ಶಬ್ದದ ಅರ್ಥವನ್ನು ವಿವರಿಸತೊಡಗುವ ಪರಿಯಿದೆಯಲ್ಲ, ಅದರ ಮೇಲೆ. ಇದನ್ನೋದಿ ನಾವು ಮೊದಲು ನಕ್ಕೆವು, ಆಮೇಲೆ ನಾಚಿದೆವು. ಏಕೆಂದರೆ ಅದು ನಮ್ಮದೇ ಚಾಳಿ. ಮಗು ಕಥೆಯೊಳಗೆ ಉಸಿರು ಬಿಗಿಹಿಡಿದು ಕುಳಿತಿರುವಾಗ 'ಗೋಪುರ ಎಂದರೇನು, ಯಾರು ಹೇಳುತ್ತೀರಿ?' ಎಂದು ಕೇಳುವವರು ನಾವೇ ತಾನೇ! ಮಕ್ಕಳ ದುಃಖದ ಮೇಲೆ ಮಾತ್ರ ಗ್ರಂಥಕರ್ತರು ಎಲ್ಲಿಯೂ ನಗೆಯಾಡಿಲ್ಲ. ಸುಟ್ಟ ಮನೆಯ ಬೂದಿಯಲ್ಲಿ ಮಕ್ಕಳು ನಡೆಯುವ ಭಾಗವನ್ನು ಹೇಳುವಾಗ ತರಗತಿ ನಿಶ್ಶಬ್ದವಾಗಿತ್ತು. ಸನ್ನಿಯ ತೊದಲು ಮಾತಿಗೆ ನಾವು ನಗುತ್ತೇವೆ ನಿಜ. ಮನೆಯಲ್ಲಿ ಕೂಸಿನ ಮಾತಿಗೆ ನಗುವ ನಗು ಅದು, ಬೇರೆಯಲ್ಲ.

ಅನಾಥ ಮಕ್ಕಳ ಕಥೆ ಇಂಗ್ಲಿಷರಿಗೆ ಹೊಸದಲ್ಲ. ಡಿಕನ್ಸರ ಆಲಿವರ್ ಟ್ವಿಸ್ಟನು 1837ರಿಂದ ಮಾಸಿಕವೊಂದರಲ್ಲಿ ಬರತೊಡಗಿ ಒಂದು ರಾಷ್ಟ್ರವನ್ನೇ ಅಳಿಸಿದನು. ಆದರೆ ಆಲಿವರನನ್ನು ಕಡೆಗೆ ಉದಾರಿಯಾದ ಒಬ್ಬ ಸಜ್ಜನರು ಉದ್ಧರಿಸುತ್ತಾರೆ. ಬಾಡೆಲೇರ್ ಮಕ್ಕಳಿಗೆ ಆ ಭಾಗ್ಯವಿಲ್ಲ. ಸಜ್ಜನರು ಇಲ್ಲವೆಂದಲ್ಲ, ತುಂಬ ಇದ್ದಾರೆ. ಅವರೆಲ್ಲ ಮಕ್ಕಳ ತಲೆ ಸವರುತ್ತಾರೆ, ಕಿವಿಗೊಡುವುದಿಲ್ಲ ಅಷ್ಟೆ.

ಇನ್ನು ಪ್ರಶ್ನೆಗೆ ಬರೋಣ. ಕಥೆ ಮುಗಿದ ದಿನ ಮೂರನೆಯ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. 'ಮಾಸ್ಟ್ರೇ, ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತನ್ನು ಉಳಿಸಿಕೊಂಡಿತಲ್ಲ. ವಯೊಲೆಟ್ ಯಾಕೆ ಉಳಿಸಿಕೊಳ್ಳಲಿಲ್ಲ?' ಎಂದ.

ಗೋವಿನ ಹಾಡನ್ನು ಅದೇ ತರಗತಿಗೆ ಅದೇ ವರ್ಷ ನಾವೇ ಹೇಳಿಕೊಟ್ಟಿದ್ದೆವು. ಹುಲಿಯಂತಹ ಹುಲಿಗೂ ಸುಳ್ಳು ಹೇಳಬಾರದೆಂಬುದನ್ನು ಕಣ್ಣೀರು ಬರುವಂತೆ ವರ್ಣಿಸಿದ್ದೆವು. ಈಗ ಅದೇ ಬಾಯಿಯಿಂದ ಎಡಗೈಯ ಸಹಿಯನ್ನು ಕೊಂಡಾಡಿದ್ದೂ ಆಗಿತ್ತು. ಹುಡುಗನು ಎರಡನ್ನೂ ಒಂದರ ಪಕ್ಕದಲ್ಲಿ ಒಂದಿರಿಸಿ ತೋರಿಸಿದ. ನಾವು ಗಡಿಯಾರವನ್ನು ನೋಡಿ, 'ನಾಳೆ ಹೇಳುತ್ತೇನೆ' ಎಂದೆವು.

ಆ ರಾತ್ರಿ ಮೊದಲು ತೋಚಿದ ಸಮಾಧಾನವೆಂದರೆ, ಬಲಾತ್ಕಾರದಿಂದ ಪಡೆದ ಮಾತು ಮಾತೇ ಅಲ್ಲ ಎಂಬುದು. ತಂಗಿಯನ್ನು ಪಂಜರದಲ್ಲಿ ತೂಗಿಸಿ ಪಡೆದ ಒಪ್ಪಿಗೆಗೆ ಬೆಲೆಯೇನು? ಆದರೆ ಪುಣ್ಯಕೋಟಿಯ ಮಾತು ಮಾತ್ರ ಬಲಾತ್ಕಾರದ್ದಲ್ಲವೇ? ಹುಲಿಯ ಬಾಯಿಯ ಮುಂದೆ ನಿಂತು ಕೊಟ್ಟ ಮಾತು ಅದು. ಸಮಾಧಾನ ಅಲ್ಲಿಗೇ ಮುರಿಯಿತು. ಎರಡನೆಯದು: ಹುಲಿಗೆ ನಾಚಿಕೆಯಿತ್ತು, ಓಲಾಫನಿಗಿಲ್ಲ. ಹುಲಿ ಹಸುವಿನ ಸತ್ಯವನ್ನು ಕಂಡು ಪ್ರಾಣ ಬಿಟ್ಟಿತು. ಓಲಾಫನಾದರೋ ಆಸ್ತಿ ಕೈಸೇರಿದೊಡನೆ ಮಕ್ಕಳನ್ನು ಮುಗಿಸುತ್ತಿದ್ದ. ಇದು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಹಸುವು ಹಿಂದಿರುಗಿ ಬರುವಾಗ ಹುಲಿಗೆ ನಾಚಿಕೆಯಾಗುವುದೆಂದು ಅದಕ್ಕೆ ತಿಳಿದಿತ್ತೇ? ತಿಳಿದು ಬಂದಿದ್ದರೆ ಅದು ಸತ್ಯವಲ್ಲ, ಲೆಕ್ಕಾಚಾರ. ಕೇಳುವವನ ಯೋಗ್ಯತೆಯನ್ನು ನೋಡಿ ಸತ್ಯವನ್ನು ಅಳೆದು ಕೊಡುವುದಾದರೆ ನಾವು ಸತ್ಯಕ್ಕೆ ತಕ್ಕಡಿ ಹಿಡಿದ ಹಾಗಾಯಿತು.

ಈ ತೊಡಕು ಹಳೆಯದು. ಜರ್ಮನಿಯ ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1797ರಲ್ಲಿ ಇದನ್ನೇ ಕುರಿತು ಒಂದು ಚಿಕ್ಕ ಪ್ರಬಂಧವನ್ನು ಬರೆದನು. ಫ್ರಾನ್ಸಿನ ಬೆಂಜಮಿನ್ ಕಾನ್‌ಸ್ಟಂಟ್ ಎಂಬವನಿಗೆ ಕೊಟ್ಟ ಉತ್ತರವದು. ಕೊಲೆಗಾರನೊಬ್ಬ ಬಾಗಿಲಿಗೆ ಬಂದು, ನಿನ್ನ ಸ್ನೇಹಿತನು ಒಳಗೆ ಅಡಗಿದ್ದಾನೆಯೇ ಎಂದು ಕೇಳಿದರೂ ಸುಳ್ಳು ಹೇಳಲು ನಿನಗೆ ಅಧಿಕಾರವಿಲ್ಲವೆಂಬುದು ಕಾಂಟನ ತೀರ್ಪು. ನಮ್ಮ ಮಹಾಭಾರತವು ಇದಕ್ಕೆ ತೀರ ವಿರುದ್ಧವಾದ ತೀರ್ಪನ್ನಿತ್ತಿದೆ. ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುತ್ತಾನೆ. ಕಳ್ಳರಿಗೆ ಹೆದರಿದ ಜನರು ಓಡಿಬಂದು ವನದಲ್ಲಿ ಅಡಗಿದರು. ಹಿಂದೆಯೇ ಬಂದ ಕಳ್ಳರು ಕೇಳಿದಾಗ, ಸತ್ಯವ್ರತನಾದ ಕೌಶಿಕನು ಅವರು ಅಡಗಿದ ಜಾಗವನ್ನು ತೋರಿಸಿದನು. ಕಳ್ಳರು ಅವರೆಲ್ಲರನ್ನೂ ಕೊಂದರು. ಕೌಶಿಕನು ನರಕಕ್ಕೆ ಹೋದನು. ಧರ್ಮದ ಸೂಕ್ಷ್ಮ ಅವನಿಗೆ ತಿಳಿಯದುದೇ ಕಾರಣವಂತೆ. ಆದರೆ ಅದೇ ಮಹಾಭಾರತದಲ್ಲಿ, ಅಶ್ವತ್ಥಾಮನು ಸತ್ತನೆಂದು ಗಟ್ಟಿಯಾಗಿ ಹೇಳಿ 'ಆನೆ' ಎಂಬುದನ್ನು ಮೆಲ್ಲಗೆ ಉಸುರಿದ ಧರ್ಮರಾಯನ ರಥವು ಅದುವರೆಗೆ ನೆಲಕ್ಕಿಂತ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದುದು ತಟ್ಟನೆ ನೆಲಕ್ಕೆ ತಾಗಿತು. ವಯೊಲೆಟ್ಟಳ ಸಹಿ ಈ ಎರಡರಲ್ಲಿ ಯಾವುದಕ್ಕೆ ಸೇರಿದ್ದು? ರೂಪದಲ್ಲಿ ಅದು ಧರ್ಮರಾಯನ ಮಾತಿನಂತಿದೆ: ಸಹಿ ಹಾಕಿದ್ದು ನಿಜ, ನಂಬಿಸಿದ್ದು ಸುಳ್ಳು. ಉದ್ದೇಶದಲ್ಲಿ ಕೌಶಿಕನು ಮಾಡದೆ ಹೋದುದನ್ನು ಅವಳು ಮಾಡಿದಳು. ಧರ್ಮರಾಯನ ಮಾತಿನಿಂದ ಸತ್ತವರು ಗುರುಗಳೆಂಬುದನ್ನೂ ನಾವು ಉಪಾಧ್ಯಾಯರಾಗಿ ಮರೆಯುವಂತಿಲ್ಲ. ಈ ವಿಷಯದಲ್ಲಿ ನಮಗೆ ಸ್ವಲ್ಪ ಪಕ್ಷಪಾತವಿದ್ದರೆ ವಾಚಕರು ಮನ್ನಿಸಬೇಕು.

ಉಪಾಯ ಒಮ್ಮೆ ಕೈಹಿಡಿದರೆ ಎಲ್ಲಿಗೆ ಕೊಂಡೊಯ್ಯುತ್ತದೆಂಬುದನ್ನು ಗ್ರಂಥಕರ್ತರು ಮುಚ್ಚಿಟ್ಟಿಲ್ಲ. ಮುಂದಿನ ಸಂಪುಟಗಳನ್ನು ನಾವು ತರಗತಿಯಲ್ಲಿ ಹೇಳಿಲ್ಲ, ಸ್ವಂತಕ್ಕಾಗಿ ಓದಿದ್ದೇವೆ. 2001ರಲ್ಲಿ ಬಂದ ಎಂಟನೆಯದರಲ್ಲಿ, ತಮ್ಮನ್ನು ನಂಬಿದ ಮುದುಕನೊಬ್ಬನ ಕೀಲಿಕೈಗಳನ್ನು ಮಕ್ಕಳು ಮೋಸದಿಂದ ಎತ್ತಿಕೊಳ್ಳುತ್ತಾರೆ. ಆತ ದುಷ್ಟನಲ್ಲ, ಪಾಪದವನು. 2005ರಲ್ಲಿ ಬಂದ ಹನ್ನೆರಡನೆಯದರಲ್ಲಿ, ಅವರ ಕೈಯಲ್ಲಿದ್ದ ಆಯುಧವು ಗಾಬರಿಯಲ್ಲಿ ಸಿಡಿದು ಸಜ್ಜನನೊಬ್ಬ ಸಾಯುತ್ತಾನೆ. ಕಡೆಗೆ ಒಂದು ದೊಡ್ಡ ಹೋಟೆಲಿಗೆ ಬೆಂಕಿಯಿಡುವುದರಲ್ಲಿ ಮಕ್ಕಳದೇ ಕೈಯಿರುತ್ತದೆ. ಬೆಂಕಿಯಿಂದ ಮನೆಯನ್ನು ಕಳೆದುಕೊಂಡವರೇ ಬೆಂಕಿಯಿಡುತ್ತಾರೆ. ಒಳಗಿದ್ದವರೆಲ್ಲ ಪಾರಾದರೇ? ಪುಸ್ತಕವು ಖಚಿತವಾಗಿ ಹೇಳುವುದಿಲ್ಲ. ಇದನ್ನೋದುವಾಗ ಅರಗಿನ ಮನೆಯ ನೆನಪಾಗದೆ ಇರಲಿಲ್ಲ. ತಂದೆಯಿಲ್ಲದ ಐವರು ಮಕ್ಕಳು, ಪಾಲಕನೆಂದು ಕರೆಸಿಕೊಳ್ಳುವ ದೊಡ್ಡಪ್ಪ, ವಾರಣಾವತದಲ್ಲಿ ಉರಿಯಲೆಂದೇ ಕಟ್ಟಿಸಿದ ಮನೆ, ಸುರಂಗದ ಉಪಾಯ. ಪಾಂಡವರು ಪಾರಾದುದನ್ನು ಹೇಳಿ ನಾವು ಪಾಠವನ್ನು ಮುಗಿಸುತ್ತೇವೆ. ಆ ರಾತ್ರಿ ಅಲ್ಲಿ ಉಂಡು ಮಲಗಿದ್ದ ನಿಷಾದ ಹೆಂಗಸೂ ಆಕೆಯ ಐವರು ಮಕ್ಕಳೂ ಒಳಗೇ ಬೆಂದುಹೋದರೆಂಬುದನ್ನು ಎಷ್ಟು ಮಂದಿ ಉಪಾಧ್ಯಾಯರು ಹೇಳುತ್ತೇವೆ? ನಾವಂತೂ ಇದುವರೆಗೆ ಹೇಳಿರಲಿಲ್ಲ.

ಹೀಗೆ ಯೋಚಿಸುತ್ತ ಹೋದಂತೆ, ಹುಡುಗನ ಪ್ರಶ್ನೆಯನ್ನು ನಾವು ತಪ್ಪು ಕಡೆಯಿಂದ ಹಿಡಿದಿದ್ದೆವೆಂದು ತೋರಿತು. ವಯೊಲೆಟ್ ಸುಳ್ಳು ಹೇಳಬಹುದಿತ್ತೇ ಎಂದು ಕೇಳುತ್ತಿದ್ದೇವೆ. ಅದಕ್ಕೆ ಮುಂಚೆ ಆಕೆ ಸತ್ಯವನ್ನು ಎಲ್ಲಿ ಹೇಳಿದ್ದಳೆಂಬುದನ್ನು ಕೇಳಲಿಲ್ಲ. ಬ್ಯಾಂಕಿನಲ್ಲಿ ಹೇಳಿದ್ದಳು. ಹಗಲು ಹೊತ್ತಿನಲ್ಲಿ, ತಮ್ಮ ತಂಗಿಯರ ಸಮೇತ, ಕೇಳಬೇಕಾದವರ ಮುಂದೆಯೇ ಹೇಳಿದ್ದಳು. ಆ ಸತ್ಯಕ್ಕೆ ಅಲ್ಲಿ ಕುರ್ಚಿ ಸಿಗಲಿಲ್ಲ. ಎಡಗೈಯ ಸಹಿ ಆಮೇಲಿನದು. ಪುಣ್ಯಕೋಟಿಗೆ ದೊಡ್ಡಿಯಲ್ಲಿ ಅಕ್ಕತಂಗಿಯರಿದ್ದರು. ತಬ್ಬಲಿಯಾಗಲಿರುವ ಕರುವನ್ನು ಅವರ ಕೈಗೊಪ್ಪಿಸಿದಾಗ ಅವರು ಕೇಳಿಸಿಕೊಂಡರು. ಆ ನಂಬಿಕೆಯಿದ್ದುದರಿಂದಲೇ ಅದು ಹುಲಿಯ ಬಳಿಗೆ ಹಿಂದಿರುಗುವುದಕ್ಕಾಯಿತೋ ಏನೋ. ವಯೊಲೆಟ್ ತನ್ನ ಸನ್ನಿಯನ್ನು ಯಾರ ಕೈಗೆ ಒಪ್ಪಿಸಬೇಕಿತ್ತು? ಪೋ ಅವರ ಕೈಗೇ? ಕಾಂಟನ ಉದಾಹರಣೆಯಲ್ಲಿಯೂ ಬಾಗಿಲಲ್ಲಿರುವವನು ದೊಡ್ಡವನು. ಕೂಗಿದರೆ ನೆರೆಹೊರೆಯವರು ಬಂದಾರು. ಬಾಗಿಲಲ್ಲಿ ಒಂದು ಮಗು ಮಾತ್ರವಿದ್ದು, ಅದು ಮೊದಲೇ ಕೂಗಿ, ಯಾರೂ ಬಾರದೆ ಹೋಗಿದ್ದರೆ? ಇದು ಸುಳ್ಳನ್ನು ಸತ್ಯವಾಗಿಸುವುದಿಲ್ಲವೆಂಬುದನ್ನು ನಾವು ಬಲ್ಲೆವು. ರಥವು ನೆಲಕ್ಕೆ ತಾಗಿಯೇ ತಾಗುತ್ತದೆ. ಆದರೆ ಯಾರ ರಥ ಎಂಬುದು ಪ್ರಶ್ನೆ.

ಪೋ ಅವರ ಲ್ಯಾಟಿನ್ ನುಡಿ ನಮ್ಮ ಮೇಲೂ ಬೀಳುವಂತಹುದು. ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ ಬ್ಲ್ಯಾಕ್‌ಸ್ಟನ್ 1760ರ ದಶಕದಲ್ಲಿ ಬರೆದ ವ್ಯಾಖ್ಯಾನದಲ್ಲಿ, ತಂದೆಯು ತನ್ನ ಅಧಿಕಾರದ ಒಂದಂಶವನ್ನು ಶಾಲೆಯ ಉಪಾಧ್ಯಾಯನಿಗೆ ವಹಿಸಿಕೊಡುವನೆಂದೂ, ಆತನು ತಂದೆತಾಯಂದಿರ ಸ್ಥಾನದಲ್ಲಿರುವನೆಂದೂ ಇದೇ ಮಾತುಗಳಲ್ಲಿ ಹೇಳಿದ್ದಾನೆ. ಅಂದು ಅದು ಬೆತ್ತದ ಅಧಿಕಾರವನ್ನು ಕುರಿತ ಮಾತಾಗಿತ್ತು. ಕಿವಿಯ ಹೊಣೆಯನ್ನು ಕುರಿತದ್ದಲ್ಲ. ನಮ್ಮ ದೇಶದಲ್ಲಿ 1890ರ ಪೋಷಕರು ಮತ್ತು ಪಾಲ್ಯರ ಕಾಯಿದೆಯಲ್ಲಿಯೇ, ಬುದ್ಧಿ ಬಲಿತ ಮಗುವಿನ ಇಷ್ಟವನ್ನು ಪೋಷಕನ ನೇಮಕದಲ್ಲಿ ನ್ಯಾಯಾಲಯವು ಪರಿಗಣಿಸಬಹುದೆಂದಿದೆ. ಮಕ್ಕಳ ಹಕ್ಕುಗಳ ಕುರಿತಾದ 1989ರ ಅಂತರರಾಷ್ಟ್ರೀಯ ಒಡಂಬಡಿಕೆಯ ಹನ್ನೆರಡನೆಯ ವಿಧಿಯು ಮಗುವಿನ ಮಾತನ್ನು ಕೇಳತಕ್ಕದ್ದೆನ್ನುತ್ತದೆ; ಭಾರತವು 1992ರಲ್ಲಿ ಅದಕ್ಕೆ ಸೇರಿತು. ನಮ್ಮ ಶಾಲೆಯ ಗೋಡೆಯ ಮೇಲೆ 1098 ಎಂಬ ಸಹಾಯವಾಣಿಯ ಸಂಖ್ಯೆಯನ್ನು ಕೆಂಪು ಬಣ್ಣದಲ್ಲಿ ಬರೆಸಿದ್ದೇವೆ. ಇವೆಲ್ಲ ಬೇಕಾದುವೇ. ಆದರೆ ಮಗು ಮೊದಲು ಗೋಡೆಯ ಬಳಿಗೆ ಬರುವುದಿಲ್ಲ, ಮೇಜಿನ ಬಳಿಗೆ ಬರುತ್ತದೆ.

ನಮ್ಮ ಮೇಜಿನ ಬಳಿಗೂ ಒಂದು ಮಗು ಬಂದಿತ್ತು. ನಾವು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ತಂದೆತಾಯಿ ಇಲ್ಲದ ಹುಡುಗ, ನೆಂಟರೊಬ್ಬರ ಅಂಗಡಿಯ ಹಿಂದಿನ ಕೋಣೆಯಲ್ಲಿ ವಾಸ. ಬೆಳಗಿನ ಮೊದಲನೆಯ ಪೀರಿಯಡಿನಲ್ಲಿಯೇ ತೂಕಡಿಸುತ್ತಿದ್ದ. ಗದರಿ ಕೇಳಿದಾಗ, 'ರಾತ್ರಿ ಅಂಗಡಿ ಬಾಗಿಲು ಹಾಕಿ ಪಾತ್ರೆ ತೊಳೆದು ಆಗುವಾಗ ಹನ್ನೊಂದು ಗಂಟೆ ಆಗ್ತದೆ ಮಾಸ್ಟ್ರೇ. ಲೆಕ್ಕ ತಪ್ಪಿದರೆ ಹೊಡೀತಾರೆ' ಎಂದ. ನಾವು ಆಗ ಮಧ್ಯಾಹ್ನದ ಊಟದ ರಿಜಿಸ್ಟರನ್ನು ತುಂಬಿಸುತ್ತಿದ್ದೆವು. ತಲೆಯೆತ್ತದೆಯೇ, 'ಅನ್ನ ಹಾಕುವವರ ಮೇಲೆ ದೂರು ಹೇಳಬಾರದು ಮಗಾ' ಎಂದು ಬುದ್ಧಿ ಹೇಳಿದೆವು. ದೊಡ್ಡ ಉಪಕಾರ ಮಾಡಿದೆವೆಂದೇ ನಮ್ಮ ಭಾವನೆ.

ಅಂದಿನಿಂದ ಅವನು ಸತ್ಯವನ್ನು ಹೇಳಲಿಲ್ಲ. ಪುಸ್ತಕವು ತೋಡಿಗೆ ಬಿತ್ತು, ಹೊಟ್ಟೆನೋವು, ದೂರದ ನೆಂಟರು ತೀರಿಕೊಂಡರು, ಹೀಗೆ ದಿನಕ್ಕೊಂದು. ಸುಳ್ಳುಗಳಲ್ಲಿ ಕಲ್ಪನೆಯಿತ್ತು, ಅದೂ ನಮ್ಮನ್ನು ಕೆರಳಿಸಿತು. ಕಡೆಗೆ ಅಂಕಪಟ್ಟಿಯಲ್ಲಿ ಪೋಷಕರ ಸಹಿ ತರಬೇಕಾಗಿ ಬಂದಾಗ ತಾನೇ ಸಹಿ ಹಾಕಿ ತಂದ. ಅಕ್ಷರ ಗುರುತಾಗದಿರಲೆಂದು ಎಡಗೈಯಿಂದ ಹಾಕಿದ್ದ. ವಾಚಕರು ನಂಬಲಿ ಬಿಡಲಿ, ಇದು ಕಥೆಗಾಗಿ ಕಟ್ಟಿದ್ದಲ್ಲ. ನಾವು ಕೂಡಲೇ ಕಂಡುಹಿಡಿದೆವು. ನಮ್ಮ ಜಾಣ್ಮೆಗೆ ನಾವೇ ಮೆಚ್ಚಿ, ಅವನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ, ಸತ್ಯದ ಮಹಿಮೆಯನ್ನು ಕುರಿತು ಅರ್ಧ ಗಂಟೆ ಉಪದೇಶಿಸಿದೆವು. ಆ ದಿನವೂ ಪುಣ್ಯಕೋಟಿಯ ಕಥೆಯನ್ನೇ ಹೇಳಿದೆವೆಂದು ನೆನಪು. ಅವನು ಅಳಲಿಲ್ಲ. ನಮ್ಮ ಮುಖವನ್ನೇ ನೋಡುತ್ತಿದ್ದ. ಓಣಂ ರಜೆ ಕಳೆದ ಮೇಲೆ ಶಾಲೆಗೆ ಬರಲಿಲ್ಲ. ಅಂಗಡಿಗೆ ಹೋಗಿ ವಿಚಾರಿಸಿದೆವು. ಬೇರೆ ಊರಿನ ನೆಂಟರ ಮನೆಗೆ ಕಳುಹಿಸಿದ್ದೇವೆ ಎಂದರು. ಹತ್ತಿರದ ನೆಂಟರೋ ಎಂದು ನಾವು ಕೇಳಲಿಲ್ಲ.

ಮರುದಿನ ಕೊನೆಯ ಪೀರಿಯಡಿನಲ್ಲಿ ಮೂರನೆಯ ಬೆಂಚಿನ ಹುಡುಗನು ಮರೆಯದೆ ಎದ್ದು ನಿಂತ. ಕಾಂಟನನ್ನಾಗಲೀ ಕೌಶಿಕನನ್ನಾಗಲೀ ನಾವು ಹೇಳಲಿಲ್ಲ. ಹೆಸರು ಊರುಗಳನ್ನು ಬಿಟ್ಟು ಈ ಹುಡುಗನ ಕಥೆಯನ್ನು ಹೇಳಿದೆವು, ರಿಜಿಸ್ಟರನ್ನೂ ಅರ್ಧ ಗಂಟೆಯ ಉಪದೇಶವನ್ನೂ ಬಿಡದೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು.

'ಹಾಗಾದರೆ ಆಗ ನೀವು ಪೋ ಆಗಿದ್ದಿರಾ ಮಾಸ್ಟ್ರೇ?' ಎಂದು ಅವನು ಕೇಳಿದ.

ಹೌದೆಂದೆವು.

ಯಾರೂ ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿಯೊಬ್ಬಳು, 'ಕೆಮ್ಮು ಇತ್ತಾ?' ಎಂದಳು. ಆಗ ಎಲ್ಲರೂ ನಕ್ಕರು, ನಾವೂ ನಕ್ಕೆವು. ಅಷ್ಟರಲ್ಲಿ ಗಂಟೆ ಹೊಡೆಯಿತು. ಚೀಲಗಳನ್ನು ಹೆಗಲಿಗೇರಿಸಿಕೊಂಡು ಎಲ್ಲರೂ ಹೊರಗೋಡಿದರು. ಒಬ್ಬನು ಮಾತ್ರ, ಎಂದೂ ಹೆಚ್ಚು ಮಾತನಾಡದವನು, ಬಾಗಿಲ ಬಳಿ ನಿಂತು ಚೀಲದ ಪಟ್ಟಿಯನ್ನು ತಿರುಚುತ್ತಿದ್ದ. ನಾವು ಹಾಜರಿಪುಸ್ತಕವನ್ನು ಮುಚ್ಚಿಟ್ಟು ಅವನನ್ನು ಒಳಗೆ ಕರೆದೆವು.